ಒಂದು ಆರೋಗ್ಯ ಖಾತೆಯ ಪಾಸ್‌ವರ್ಡ್ ಮರೆತಾಗ: ಇಳಕಲ್ ಕಡೆಯ ಒಂದು ಪ್ರಕರಣ

ರೋಗಿಗೆ ಅರವತ್ತು ದಾಟಿದೆ. ಕುಣಿಮಗ್ಗದ ನೇಕಾರರು. ಊರು ಬಾಗಲಕೋಟೆ ಜಿಲ್ಲೆಯ ಇಳಕಲ್ ಹತ್ತಿರದ ಒಂದು ಹಳ್ಳಿ. ಹಿಂದೆ ಎದೆನೋವು ಬಂದಾಗ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳ ಮುಚ್ಚಿಕೊಳ್ಳದಂತೆ ಇಡುವ ಸಣ್ಣ ಜಾಲರಿ ಕೊಳವೆ, ಹಾಕಿದ್ದರು. ಈಗಿನ ತೊಂದರೆ ಹರ್ನಿಯಾ. ಬಾಗಲಕೋಟೆಯ ಸರ್ಜನ್ ಪರೀಕ್ಷೆ ಮಾಡಿ ಒಂದೇ ಮಾತು ಹೇಳಿ ಕಳಿಸಿದರು: ಮೊದಲು ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಕಾರ್ಡ್ ತನ್ನಿ, ಆಮೇಲೆ ಆಪರೇಷನ್ ಮಾತು.

ಅವರು ಸುಮ್ನೆ ಕೇಳಿದ್ದಲ್ಲ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕು. ಅವಸರಪಟ್ಟು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಿ ಮತ್ತೆ ಹೃದಯಾಘಾತ ಆಗಬಹುದು. ನಿಲ್ಲಿಸದೆ ಕೊಯ್ದರೆ ರಕ್ತ ಜಾಸ್ತಿ ಹರಿಯುತ್ತದೆ. ಯಾವ ದಿನ ಹಾಕಿದ್ದು, ಎಷ್ಟು ಹಾಕಿದ್ದು, ಯಾವ ಬಗೆಯದು, ಈಗ ಯಾವ ಮಾತ್ರೆ ನಡೆದಿದೆ, ಇಷ್ಟು ಗೊತ್ತಿಲ್ಲದೆ ಯಾವ ಸರ್ಜನ್ ಕೂಡ ದಿನ ಗೊತ್ತು ಮಾಡುವುದಿಲ್ಲ.

ಕಾಗದದ ಫೈಲ್ ಮನೆಯಲ್ಲಿತ್ತು. ಆದರೆ ಮಳೆಗಾಲದಲ್ಲಿ ಮಾಳಿಗೆ ಸೋರಿ, ಗೂಡಿನಲ್ಲಿಟ್ಟ ಫೈಲ್ ನೆನೆದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇಸಿಜಿ ಕಾಗದದ ಗೆರೆಗಳು ಹೇಗೂ ವರ್ಷ ಕಳೆದಂತೆ ಮಾಸುತ್ತವೆ. ಓದಲು ಬಂದದ್ದು ಮೇಲಿನ ರಟ್ಟಿನ ಮೇಲೆ ಬರೆದ ಫೈಲ್ ನಂಬರ್ ಮಾತ್ರ.

ನಾನು ಆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಗ್ರಂಥಾಲಯದ, ಮೇಲ್ವಿಚಾರಕಿ. ಪುಸ್ತಕ, ಪೇಪರ್ ಜೊತೆಗೆ ನಮ್ಮಲ್ಲಿ ಕಂಪ್ಯೂಟರ್ ಕೂಡ ಇದೆ. ಅರ್ಜಿ, ಫಲಿತಾಂಶ, ಪಾಸ್‌ವರ್ಡ್ ಅಂತ ಜನ ಬರುತ್ತಲೇ ಇರುತ್ತಾರೆ. ಈ ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ನಂಬರ್, ಆಸ್ಪತ್ರೆ ಯಾವುದೂ ಇಲ್ಲಿಲ್ಲ. ಇದೇ ತೊಡಕು ಬೇರೆ ಬೇರೆ ರೂಪದಲ್ಲಿ ಎಷ್ಟೋ ಮನೆಗಳಲ್ಲಿ ಇದೆ ಅನ್ನುವುದು ನನಗೆ ದಿನಾ ಕಾಣುತ್ತದೆ. ಅದಕ್ಕೇ ಇದನ್ನು ಮೊದಲಿನಿಂದ ಕೊನೆವರೆಗೆ ಬರೆದಿಡಬೇಕು ಅನ್ನಿಸಿತು.

ಕ್ಯಾರಿಬ್ಯಾಗಿನಲ್ಲಿ ಇದ್ದದ್ದು

ಬಂದವರು ನೇಕಾರರ ಹೆಂಡತಿ. "ಆನ್‌ಲೈನ್ದಾಗ ಎಲ್ಲಾ ಐತಂತ್ರಿ ಅಕ್ಕಾರ. ಪಾಸ್‌ವರ್ಡ್ ಒಂದ್ ನೆನಪಿಲ್ಲ ನೋಡ್ರಿ. ಅದನ್ನಷ್ಟ ತಗದು ಕೊಡ್ರಿ," ಅಂದರು.

"ಯಾವ ಖಾತೆದು ಕಾಕು?"

"ಆರೋಗ್ಯದ್ದರಿ."

ಅವರ ಕ್ಯಾರಿಬ್ಯಾಗಿನಲ್ಲಿ ಮೂರು ಸಾಮಾನು ಇದ್ದವು. ಲ್ಯಾಮಿನೇಷನ್ ಮಾಡಿಸಿದ ಆಯುಷ್ಮಾನ್ ಕಾರ್ಡ್. ಹದಿನಾಲ್ಕು ಅಂಕಿಯ ನಂಬರ್ ಇರುವ ಇನ್ನೊಂದು ಕಾರ್ಡಿನ ಪ್ರಿಂಟ್. ಮತ್ತೆ ಆಸ್ಪತ್ರೆಯ ಫೈಲಿನ ಆ ರಟ್ಟು, ಅದರ ಒಳಗೆ ಪೆನ್ನಿನಲ್ಲಿ ಬರೆದ ಒಂದು ಚೀಟಿ. ಅವರ ಲೆಕ್ಕದಲ್ಲಿ ಈ ಮೂರೂ ಒಂದೇ ಖಾತೆ. ನಮ್ಮ ಕಡೆ ಬಹಳ ಜನರ ಲೆಕ್ಕ ಹೀಗೇ ಇದೆ. ತಪ್ಪು ಅವರದಲ್ಲ. ಎಲ್ಲದರ ಮೇಲೂ ಆರೋಗ್ಯ ಅಂತಲೇ ಬರೆದಿರುತ್ತದೆ, ಎರಡರ ಮೇಲೆ ಆಯುಷ್ಮಾನ್ ಅಂತಲೂ ಇರುತ್ತದೆ.

ಮೊದಲನೆಯದು ಜನ "ಐದು ಲಕ್ಷದ ಕಾರ್ಡ್" ಅನ್ನುವುದು. ಕರ್ನಾಟಕದಲ್ಲಿ ಇದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಹೆಸರಿನಲ್ಲಿ 2018ರಿಂದ ನಡೆದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಇದು ಖರ್ಚಿನ ಕಾರ್ಡ್. ಇದರೊಳಗೆ ರಿಪೋರ್ಟ್ ಹುಡುಕಿದರೆ ಸಿಗುವುದಿಲ್ಲ.

ಎರಡನೆಯದು ಆಭಾ, ಅಂದರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ನಡೆಸುವ ಡಿಜಿಟಲ್ ಮಿಷನ್ನಿನ ಭಾಗ. ಆ ಮಿಷನ್ ದೇಶಕ್ಕೆಲ್ಲ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ಹದಿನಾಲ್ಕು ಅಂಕಿಯ ನಂಬರ್ ಇದರದು. ಬಡವರು, ಉಳ್ಳವರು ಯಾರು ಬೇಕಾದರೂ ಮಾಡಿಸಬಹುದು. ಇದರಿಂದ ದುಡ್ಡು ಬರುವುದಿಲ್ಲ. ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ರೋಗಿ ಒಂದೇ ಕಡೆ ನೋಡಲಿ ಅಂತ ಇರುವ ಖಾತೆ ಇದು.

ಮೂರನೆಯದು ಆ ಬೆಳಗಾವಿ ಆಸ್ಪತ್ರೆಯ ಸ್ವಂತ ಆ್ಯಪ್. ಅದರಲ್ಲಿ ಆ ಆಸ್ಪತ್ರೆಯ ರಿಪೋರ್ಟ್ ಮಾತ್ರ. ರಟ್ಟಿನ ಮೇಲಿನ ಫೈಲ್ ನಂಬರ್ ಸೇರಿದ್ದು ಇದಕ್ಕೆ.

ಮರೆತದ್ದು ಯಾವುದರ ಪಾಸ್‌ವರ್ಡ್? ಕಾಕುಗೆ ಗೊತ್ತಿರಲಿಲ್ಲ. ಖಾತೆ ಮಾಡಿಸಿದವನು ಮಗ. ಅವನು ಈಗ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಫೋನ್ ಮಾಡಿದರೆ, "ಎರಡೂ ಮಾಡೇನ್ರಿ, ಚೀಟಿ ಬರದದ್ದು ಯಾವುದಕ್ಕ ಅಂತ ನೆನಪಿಲ್ಲ," ಅಂದ.

ಚೀಟಿಯ ಪಾಸ್‌ವರ್ಡ್

ಚೀಟಿಯಲ್ಲಿದ್ದದ್ದು ಊರಿನ ಹೆಸರು, ಅದರ ಮುಂದೆ ಅಟ್ ಚಿಹ್ನೆ, ಆಮೇಲೆ ಒಂದು ಎರಡು ಮೂರು. ಎಲ್ಲಾ ಊರಿನಲ್ಲೂ ಇದೇ ಮಾದರಿ ಇರುತ್ತದೆ. ಮೊದಲು ಯಾರಾದರೂ ಊಹಿಸುವುದೇ ಇದನ್ನು.

ಎರಡೂ ಕಡೆ ಹಾಕಿ ನೋಡಿದೆವು. ಹತ್ತಲಿಲ್ಲ. ಇಂಥ ಹೊತ್ತಿನಲ್ಲಿ ಮರೆವಿಗಿಂತ ಮೊದಲು ಕೀಬೋರ್ಡನ್ನು ಅನುಮಾನಿಸಬೇಕು. ಫೋನಿನಲ್ಲಿ ಟೈಪ್ ಮಾಡುವಾಗ ಮೊದಲ ಅಕ್ಷರ ತಾನಾಗಿಯೇ ದೊಡ್ಡದಾಗಿ ಬಿಡುತ್ತದೆ. ಪದ ತಾನೇ ತುಂಬಿಕೊಂಡರೆ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ. ಕಣ್ಣಿನ ಗುರುತು ಒತ್ತಿ, ಅಕ್ಷರ ಕಾಣುವಂತೆ ಮಾಡಿಕೊಂಡು ಹಾಕಿದೆವು. ಆಗಲೂ ಇಲ್ಲ. ಅಷ್ಟರಲ್ಲಿ ಆಸ್ಪತ್ರೆಯ ಆ್ಯಪ್ ಸ್ವಲ್ಪ ಹೊತ್ತು ಲಾಕ್ ಆಯಿತು. ಇದು ತೊಂದರೆ ಕೊಡಲು ಇಟ್ಟದ್ದಲ್ಲ. ಊಹೆ ಮಾಡುತ್ತಾ ಕೂರುವ ಕಳ್ಳರನ್ನು ತಡೆಯಲು ಇಟ್ಟದ್ದು. ಲಾಕ್ ಆದಾಗ ಮತ್ತೆ ಮತ್ತೆ ಒತ್ತುವುದಕ್ಕಿಂತ ಬಿಟ್ಟು ಎದ್ದು ಚಹಾ ಕುಡಿದು ಬರುವುದು ಒಳ್ಳೆಯದು.

"ಅವರಿಗೇ ಫೋನ್ ಹಚ್ಚಿ ಹಳೇ ಪಾಸ್‌ವರ್ಡ್ ಕೇಳಬಾರದೇನ್ರಿ?" ಅಂತ ಕಾಕು ಕೇಳಿದರು. ತುಂಬಾ ಜನ ಕೇಳುವ ಪ್ರಶ್ನೆ ಇದು. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಕಂಪನಿಯವರಿಗೂ ನಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಅದನ್ನು ಹಾಗೆಯೇ ಬರೆದಿಡದೆ, ಒಂದು ಲೆಕ್ಕಕ್ಕೆ ಹಾಕಿ ಬಂದ ಉತ್ತರವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಗಿರಣಿಗೆ ಹಾಕಿದ ಜೋಳ ಹಿಟ್ಟಾಗುತ್ತದೆ, ಹಿಟ್ಟಿನಿಂದ ಮತ್ತೆ ಕಾಳು ಬರುವುದಿಲ್ಲ. ನಾವು ಮತ್ತೆ ಲಾಗಿನ್ ಮಾಡುವಾಗ ಹಾಕಿದ ಪಾಸ್‌ವರ್ಡನ್ನೂ ಅದೇ ಲೆಕ್ಕಕ್ಕೆ ಹಾಕಿ, ಉತ್ತರ ಹೊಂದುತ್ತದೆಯೇ ಅಂತ ನೋಡುತ್ತಾರೆ. ಅದಕ್ಕೇ ಎಲ್ಲೂ "ಹಳೆಯದನ್ನು ಹೇಳುತ್ತೇವೆ" ಅನ್ನುವುದಿಲ್ಲ, "ಹೊಸದು ಇಟ್ಟುಕೊಳ್ಳಿ" ಅನ್ನುತ್ತಾರೆ. ಯಾವುದಾದರೂ ಸೈಟ್ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮೆಸೇಜಿನಲ್ಲಿ ಕಳಿಸಿದರೆ, ಅಲ್ಲಿ ನಿಮ್ಮ ಮಾಹಿತಿ ಭದ್ರವಾಗಿಲ್ಲ ಅಂತಲೇ ತಿಳಿಯಿರಿ.

ಸರಿ, ಹೊಸದು ಇಡೋಣ ಅಂತ "ಪಾಸ್‌ವರ್ಡ್ ಮರೆತಿರಾ" ಒತ್ತಿದೆವು. ನಿಜವಾದ ತೊಡಕು ಕಂಡದ್ದು ಅಲ್ಲೇ.

ಆ ನಂಬರ್ ಈಗ ಯಾರದು

ಆಸ್ಪತ್ರೆಯ ಆ್ಯಪ್ ಒಂದು ಲಿಂಕನ್ನು ಇಮೇಲ್‌ಗೆ ಕಳಿಸಿದ್ದೇನೆ ಅಂತ ಹೇಳಿತು. ಇಮೇಲ್ ವಿಳಾಸದ ಮೊದಲ ಎರಡಕ್ಷರ ಮಾತ್ರ ತೋರಿಸಿ ಉಳಿದದ್ದಕ್ಕೆ ಚುಕ್ಕಿ ಇಟ್ಟಿತ್ತು. ಅದು ಮಗನ ಇಮೇಲ್. ಮೊಬೈಲ್ ಅಂಗಡಿಯವರು ಹೊಸ ಫೋನ್ ಕೊಡುವಾಗ ಮಾಡಿಕೊಟ್ಟದ್ದು. ಆ ಫೋನ್ ಒಡೆದು ಹೋಗಿದೆ. ಆ ಇಮೇಲಿನ ಪಾಸ್‌ವರ್ಡ್ ಅವನಿಗೂ ಗೊತ್ತಿಲ್ಲ. ಇಮೇಲ್ ವಾಪಸ್ ಪಡೆಯಲು ಹೋದರೆ ಅದು ಹಳೆಯ ಮೊಬೈಲ್ ನಂಬರಿಗೆ ಓಟಿಪಿ ಕಳಿಸುತ್ತದೆ. ಗೂಗಲ್ ಖಾತೆ ವಾಪಸ್ ಪಡೆಯುವಾಗ ಮೊದಲು ಬಳಸುತ್ತಿದ್ದ ಫೋನಿನಿಂದ, ಬಳಸುತ್ತಿದ್ದ ಜಾಗದಿಂದ ಪ್ರಯತ್ನಿಸಿ ಅಂತ ಗೂಗಲ್ಲೇ ಹೇಳುತ್ತದೆ. ಇಲ್ಲಿ ಫೋನೂ ಇಲ್ಲ, ಹುಡುಗ ಗೋವಾದಲ್ಲಿ.

ಆಭಾ ಖಾತೆಗೂ ಅದೇ ಹಳೆಯ ನಂಬರ್.

ಮಗ ಗೋವಾಕ್ಕೆ ಹೋದ ಮೇಲೆ ಎರಡು ಸಿಮ್ಮಿಗೆ ರೀಚಾರ್ಜ್ ಭಾರ ಆಗಿ ಒಂದನ್ನು ಬಿಟ್ಟುಬಿಟ್ಟಿದ್ದ. ಸಂಪರ್ಕ ಕಡಿದ ನಂಬರನ್ನು ಕಂಪನಿಗಳು 90 ದಿನ ಯಾರಿಗೂ ಕೊಡುವಂತಿಲ್ಲ. ಆಮೇಲೆ ಹೊಸ ಗ್ರಾಹಕರಿಗೆ ಕೊಡಬಹುದು. ನಂಬರುಗಳು ಮುಗಿಯದ ಗಣಿ ಅಲ್ಲವಲ್ಲ, ಹೀಗೆ ಸುತ್ತಲೇಬೇಕು. ಇದರಲ್ಲಿ ಅಕ್ರಮ ಏನೂ ಇಲ್ಲ. ಆದರೆ ಬ್ಯಾಂಕು, ಆಧಾರ್, ಗ್ಯಾಸು, ಆಸ್ಪತ್ರೆ ಎಲ್ಲಾ ಕಡೆ ಹಳೆಯವರ ಹೆಸರಿನ ಪಕ್ಕದಲ್ಲಿ ಆ ನಂಬರ್ ಹಾಗೆಯೇ ಉಳಿದಿರುತ್ತದೆ.

ಆ ನಂಬರಿಗೆ ಫೋನ್ ಮಾಡಿದೆವು. ಎತ್ತಿದವನು ಕೋಲಾರ ಕಡೆಯ ಒಬ್ಬ ವಿದ್ಯಾರ್ಥಿ. ಒಳ್ಳೆಯ ಹುಡುಗ. "ಹೌದು ಮೇಡಂ, ಯಾವ್ಯಾವುದೋ ಓಟಿಪಿ ಬರ್ತಾ ಇರುತ್ತೆ, ಬ್ಯಾಂಕಿಂದು ಕೂಡ ಬರುತ್ತೆ. ನಿಮಗೆ ಬೇಕಾದ್ರೆ ಈಗ ಕಳಿಸಿ, ಓದಿ ಹೇಳ್ತೀನಿ," ಅಂದ.

ಕಾಕು ಖುಷಿಯಾದರು. ಅಲ್ಲಿದ್ದವರೆಲ್ಲ "ತಗೋರಿ, ಮುಗೀತು," ಅಂದರು. ನಿಜ, ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಬೇಡ ಅಂದೆ.

ಯಾಕೆ ಅಂತ ಹೇಳಬೇಕು. ಆ ಹುಡುಗನ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೆ ಓಟಿಪಿ ಯಾರಿಗೂ ಹೇಳಬೇಡಿ ಅಂತ ಇದೇ ಕೋಣೆಯಲ್ಲಿ ಊರಿನವರಿಗೆ ಹೇಳಿಕೊಡುವವಳು ನಾನು. ಗುರುತಿಲ್ಲದವರು ಫೋನ್ ಮಾಡಿ ಕೇಳಿದರೆ ಓದಿ ಹೇಳುವ ಅಭ್ಯಾಸ ಆ ಹುಡುಗನಿಗೆ ನನ್ನಿಂದ ಆಗಬಾರದು. ನಾಳೆ ಅವನನ್ನು ಇದೇ ಮಾತಿನಲ್ಲಿ ಬೇರೆ ಯಾರೋ ಕೇಳುತ್ತಾರೆ, ಆಗ ಬರುವುದು ಅವನದೇ ಓಟಿಪಿ ಆಗಿರುತ್ತದೆ. ಇನ್ನೊಂದು, ಹೀಗೆ ಒಳಗೆ ಹೋದರೂ ನಂಬರ್ ಅವನದೇ ಆಗಿ ಉಳಿಯುತ್ತದೆ. ಪಾಸ್‌ವರ್ಡ್ ಬದಲಾಗುತ್ತದೆ, ಆದರೆ ಮತ್ತೊಮ್ಮೆ ಬದಲಿಸುವ ಅಧಿಕಾರ ಕೋಲಾರದಲ್ಲೇ ಇರುತ್ತದೆ. ಹೃದ್ರೋಗಿಯೊಬ್ಬರ ದಾಖಲೆಯ ಬಾಗಿಲು ಅವರು ಎಂದೂ ನೋಡದ ಒಬ್ಬನ ಕೈಯಲ್ಲಿದೆ, ಅವನಿಗೂ ಅದು ಗೊತ್ತಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಕಾಡಿದ ಸಂಗತಿ ಇದೇ. ಪಾಸ್‌ವರ್ಡ್ ಮರೆತದ್ದರಿಂದ ಇದು ಹೊರಗೆ ಬಂತು ಅಷ್ಟೇ. ಮರೆಯದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹುಡುಗನಿಗೆ ಕಾರಣ ಹೇಳಿ, ಬರುವ ಓಟಿಪಿಗಳನ್ನು ಅಳಿಸಿಬಿಡು, ಯಾರು ಕೇಳಿದರೂ ಹೇಳಬೇಡ ಅಂದೆ. ಅರ್ಥ ಮಾಡಿಕೊಂಡ.

ಹೀಗೆ ರದ್ದಾದ ನಂಬರುಗಳ ಪಟ್ಟಿಯೊಂದು ಸರ್ಕಾರದ ಕಡೆಯಿಂದ ಬರುತ್ತದೆ. ಬ್ಯಾಂಕುಗಳು ಅದನ್ನು ನೋಡಿ ತಮ್ಮ ಗ್ರಾಹಕರ ನಂಬರ್ ಸರಿಮಾಡಿಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಆಸ್ಪತ್ರೆಗಳೂ ಆ ಪಟ್ಟಿ ನೋಡುವಂತಾದರೆ ಎಷ್ಟೋ ಮನೆಗಳಿಗೆ ಉಪಕಾರ ಆಗುತ್ತದೆ.

ಇದರ ನಡುವೆ ಕಾಕುನ ಅಣ್ಣನ ಮಗ ಇಂಟರ್ನೆಟ್ಟಿನಲ್ಲಿ ಆಸ್ಪತ್ರೆಯ ಆ್ಯಪ್ ಹೆಸರು ಹಾಕಿ "ಕಸ್ಟಮರ್ ಕೇರ್" ಅಂತ ಹುಡುಕಿದ. ಒಂದು ನಂಬರ್ ಸಿಕ್ಕಿತು. ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಫೋನಿನ ಪರದೆ ಅವನಿಗೆ ಕಾಣುವಂಥ ಒಂದು ಆ್ಯಪ್ ಹಾಕಿಕೊಳ್ಳಲು, ಆಮೇಲೆ ಹತ್ತು ರೂಪಾಯಿ ಕಳಿಸಲು ಹೇಳಿದ. ಹುಡುಗನಿಗೆ ಹತ್ತು ರೂಪಾಯಿ ಅಂದಾಗ ಅನುಮಾನ ಬಂದು ಕಟ್ ಮಾಡಿದ. ಹತ್ತು ರೂಪಾಯಿ ಆಸೆಗೆ ಅಲ್ಲ ಅವರು ಕೂತಿರುವುದು. ಪರದೆ ಕಾಣುತ್ತಿರುವಾಗ ನಾವು ಒತ್ತುವ ಪಿನ್ ಅವರಿಗೆ ಬೇಕು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕಿತ್ತು. ಆಸ್ಪತ್ರೆಯ ನಂಬರ್ ಬೇಕಾದರೆ ಬಿಲ್ಲಿನ ಮೇಲೆ, ಫೈಲಿನ ರಟ್ಟಿನ ಮೇಲೆ ಅಚ್ಚಾಗಿರುತ್ತದೆ. ಅಲ್ಲಿಂದಲೇ ತೆಗೆದುಕೊಳ್ಳಿ.

ಆಧಾರ್ ಕಡೆಯಿಂದ ಆಭಾಕ್ಕೆ

ಆಭಾಕ್ಕೆ ಪಾಸ್‌ವರ್ಡ್ ಬೇಕೇಬೇಕು ಅಂತಿಲ್ಲ. ಆಭಾ ನಂಬರ್ ಹಾಕಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿಯಿಂದಲೂ ಒಳಗೆ ಹೋಗಬಹುದು. ಹಾಗಾದರೆ ನೇಕಾರರ ಆಧಾರ್‌ಗೆ ಯಾವ ನಂಬರ್ ಇದೆ? ಆಧಾರ್ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ಒಂದು ಆಧಾರ್ ಚಾಲ್ತಿಯಲ್ಲಿದೆಯೇ ಅಂತ ನೋಡುವ ಸೌಲಭ್ಯ ಇದೆ. ಅಲ್ಲಿ ಜೋಡಿಸಿದ ಮೊಬೈಲಿನ ಕೊನೆಯ ಮೂರು ಅಂಕಿ ಕಾಣುತ್ತವೆ. ನೋಡಿದರೆ ಅದೂ ಮಗನ ಹಳೆಯ ನಂಬರೇ.

ಊರಿನ ಒಬ್ಬರು "ಹೊಸಾ ಆಭಾನ ಮಾಡಿಸಿಬಿಡ್ರಿ" ಅಂದರು. ಆಗುವುದಿಲ್ಲ. ಅದೇ ಆಧಾರ್ ಹಾಕಿದರೆ ಇರುವ ಹಳೆಯ ಖಾತೆಯೇ ಎದುರಿಗೆ ಬರುತ್ತದೆ. ಅದಕ್ಕೂ ಓಟಿಪಿ ಅದೇ ನಂಬರಿಗೆ.

ಆದ್ದರಿಂದ ಮೊದಲು ಸರಿಯಾಗಬೇಕಾದದ್ದು ಆಧಾರ್. ಮೊಬೈಲ್ ನಂಬರ್ ಬದಲಿಸಲು ಕಾಗದಪತ್ರ ಏನೂ ಬೇಕಾಗಿಲ್ಲ, ಆಗ ಮನುಷ್ಯ ಎದುರಿಗೆ ಇದ್ದು ಗುರುತು ಕೊಡಬೇಕಿತ್ತು. 2021ರಿಂದ ಅಂಚೆಯವರೂ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಮನೆ ಬಾಗಿಲಲ್ಲೇ ಇದನ್ನು ಮಾಡುತ್ತಾರೆ. ನಮ್ಮ ಊರಿನ ಅಂಚೆಯವರು ಬಂದರು, ಯಂತ್ರ ಇಟ್ಟರು. ಬೆರಳಚ್ಚು ಹತ್ತಲಿಲ್ಲ. ಹತ್ತು ಬೆರಳೂ ನೋಡಿದ್ದಾಯಿತು. ನಲವತ್ತು ವರ್ಷ ನೂಲು ಹಿಡಿದ ಕೈ, ಬೆರಳಿನ ಗೆರೆಗಳು ಸವೆದು ಹೋಗಿವೆ. ನೇಕಾರರು, ಗೌಂಡಿಗಳು, ಹೊಲದಲ್ಲಿ ದುಡಿಯುವವರು, ಎಲ್ಲರದೂ ಇದೇ ಕಥೆ. ದುಡಿದ ಕೈಯನ್ನು ಯಂತ್ರ ಗುರುತಿಸುವುದಿಲ್ಲ ಅಂದಾಗ ಆ ಮನುಷ್ಯನ ಮುಖ ಸಣ್ಣದಾಗುತ್ತದೆ. ಅವರಿಗೆ ನಾನು ಹೇಳಿದ್ದು ಇಷ್ಟು: "ಕಾಕಾ, ಬೆರಳು ಹೋದರ ಕಣ್ಣ ಐತಿ." ಆಧಾರ್ ಕೇಂದ್ರಗಳಲ್ಲಿ ಕಣ್ಣಿನ ಪಾಪೆಯ ಗುರುತು ಹಿಡಿಯುವ ಯಂತ್ರ ಇರುತ್ತದೆ. ಇಳಕಲ್ಲಿಗೆ ಹೋಗಿ ಅಲ್ಲಿ ಕಣ್ಣು ಕೊಟ್ಟು ಬಂದರು. ಕೊಟ್ಟ ರಸೀದಿಯನ್ನು ಕಾಕು ಜೋಪಾನವಾಗಿ ಇಟ್ಟುಕೊಂಡರು. ಅದರ ಮೇಲಿನ ನಂಬರಿನಿಂದಲೇ ಕೆಲಸ ಎಲ್ಲಿಗೆ ಬಂತು ಅಂತ ನೋಡಬಹುದು, 1947ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಈಗ ಯಾವ ನಂಬರ್ ಕೊಡಬೇಕು ಅನ್ನುವ ಮಾತು ಬಂದಿತ್ತು. ಮಗನ ಹೊಸ ನಂಬರ್ ಕೊಡೋಣ ಅಂತ ಮನೆಯವರು ಹೇಳಿದರು. ನಾನು ಕಾಕಾನ ಅಂಗಿ ಜೇಬು ತೋರಿಸಿದೆ. ಅಲ್ಲಿ ಒಂದು ಕೀಪ್ಯಾಡ್ ಫೋನ್ ಇತ್ತು. ನೂಲಿನವರು, ಸೀರೆ ಮಾಲೀಕರು ಎಲ್ಲರೂ ಮಾತಾಡುವುದು ಅದೇ ನಂಬರಿಗೆ. ವರ್ಷಗಟ್ಟಲೆಯಿಂದ ಅದು ಒಂದು ದಿನವೂ ನಿಂತಿಲ್ಲ. "ಅದು ಸಾದಾ ಫೋನರಿ, ಅದಕ್ಕ ಆನ್‌ಲೈನ್ ಬರೂದಿಲ್ಲ," ಅಂದರು. ಓಟಿಪಿ ಬರುವುದು ಮಾಮೂಲಿ ಮೆಸೇಜಿನಲ್ಲಿ. ಅದಕ್ಕೆ ದೊಡ್ಡ ಫೋನ್ ಬೇಕಿಲ್ಲ, ನೆಟ್ ಬೇಕಿಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಮಗನದು ಅಂತ ಖಾತೆಗೂ ಮಗನ ನಂಬರ್ ಕೊಡುವ ರೂಢಿ ಹಳ್ಳಿಯಲ್ಲೆಲ್ಲ ಇದೆ. ಮಕ್ಕಳು ಗೋವಾ, ಪುಣೆ, ಬೆಂಗಳೂರು ಅಂತ ಹೋಗುತ್ತಾರೆ, ಸಿಮ್ ಬದಲಿಸುತ್ತಾರೆ. ಊರಲ್ಲೇ ಇರುವ, ಎಂದೂ ನಂಬರ್ ಬದಲಿಸದ ಅಪ್ಪನ ಫೋನ್ ಜೇಬಲ್ಲೇ ಇರುತ್ತದೆ.

ಆಧಾರ್‌ನಲ್ಲಿ ನಂಬರ್ ಬದಲಾಗಲು 30 ದಿನದವರೆಗೆ ಹಿಡಿಯಬಹುದು ಅಂತ ಹೇಳುತ್ತಾರೆ, ಇವರದು ಅದಕ್ಕಿಂತ ಬೇಗ ಆಯಿತು. ಮತ್ತೆ ಅರಿವು ಕೇಂದ್ರಕ್ಕೆ ಬಂದು ಆಭಾ ನಂಬರ್ ಹಾಕಿದರು. ಓಟಿಪಿ ಕೀಪ್ಯಾಡ್ ಫೋನಿಗೆ ಬಂತು. ಅಂಕಿ ಓದಿ ಹೇಳಿದ್ದು ಕಾಕು, ಒತ್ತಿದ್ದು ಕಾಕಾ. ಪ್ರೊಫೈಲಿಗೆ ಹೋಗಿ ಆಭಾದ ಮೊಬೈಲ್ ನಂಬರನ್ನೂ ಬದಲಿಸಿದೆವು. ಹೊಸ ಪಾಸ್‌ವರ್ಡ್ ಇಡುವಾಗ ಚಿಹ್ನೆಗಳಿಗಿಂತ ಉದ್ದಕ್ಕೆ ಬೆಲೆ ಕೊಡಿ ಅಂದೆ. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ನಾಲ್ಕು ಮಾತು ಸೇರಿಸಿ, ನೀವಿಬ್ಬರೇ ನೆನಪಿಡುವಂಥದ್ದು, ಮೇಲೆ ಖಾತೆ ಕೇಳುವ ಅಂಕಿ, ಚಿಹ್ನೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೂಡ 2017ರಿಂದ ಇದನ್ನೇ ಹೇಳುತ್ತಿದೆ: ಉದ್ದ ಇರಲಿ, ಕಾರಣ ಇಲ್ಲದೆ ಆಗಾಗ ಬದಲಿಸುವ ಒತ್ತಾಯ ಬೇಡ. ಅವರು ಟೈಪ್ ಮಾಡುವಾಗ ನಾನು ಎದ್ದು ಪೇಪರ್ ಸ್ಟ್ಯಾಂಡ್ ಕಡೆ ಹೋದೆ. ಸಾರ್ವಜನಿಕ ಕಂಪ್ಯೂಟರ್ ಆದ್ದರಿಂದ "ಸೇವ್ ಮಾಡಲೇ" ಅಂತ ಕೇಳಿದ್ದಕ್ಕೆ ಬೇಡ ಅಂದು, ಲಾಗ್‌ಔಟ್ ಮಾಡಿಸಿ ಕಳಿಸುವುದು ನಮ್ಮಲ್ಲಿ ಕಡ್ಡಾಯ. ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು ಟ್ರಂಕಿನಲ್ಲಿಡಲು ನಾನು ಬೇಡ ಅನ್ನುವುದಿಲ್ಲ. ಕಾರ್ಡಿನ ಹಿಂದೆ ಬರೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಬೇಡ.

ಇಷ್ಟಾದ ಮೇಲೆ ಖಾತೆ ತೆರೆಯಿತು. ಒಳಗೆ ಏನೂ ಇರಲಿಲ್ಲ.

ಕಾಕುಗೆ ನಂಬಲು ಆಗಲಿಲ್ಲ. "ಎಲ್ಲಾ ಅಳಸ್ಯಾರೇನ್ರಿ?" ಅಂದರು. ಅಳಿಸಿಲ್ಲ. ಆಭಾ ಒಂದು ದೊಡ್ಡ ಗೋದಾಮಲ್ಲ. ದಾಖಲೆಗಳು ಆಯಾ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತವೆ. ಆಸ್ಪತ್ರೆಯವರು ಈ ರೋಗಿಯ ಭೇಟಿಯನ್ನು ಅವರ ಆಭಾ ಜೊತೆ ಜೋಡಿಸಿದ್ದರೆ ಮಾತ್ರ ಇಲ್ಲಿ ಕಾಣುತ್ತದೆ, ರೋಗಿ ಒಪ್ಪಿಗೆ ಕೊಟ್ಟರೆ ಮಾತ್ರ ಬೇರೆ ವೈದ್ಯರಿಗೆ ಕಾಣುತ್ತದೆ. ಇವರು ದಾಖಲಾದ ದಿನ ಯಾರೂ ಆಭಾ ನಂಬರ್ ಕೇಳಿರಲಿಲ್ಲ, ಇವರೂ ಕೊಟ್ಟಿರಲಿಲ್ಲ. ಮಗ ಕಾರ್ಡ್ ಪ್ರಿಂಟ್ ಮಾಡಿಸಿ ಮನೆಯಲ್ಲಿಟ್ಟಿದ್ದ. ಪಾಸ್‌ವರ್ಡ್ ಮರೆತರೆ ದಾಖಲೆ ಹೋಯಿತು ಅನ್ನುವ ಹೆದರಿಕೆ ಎಷ್ಟು ಸುಳ್ಳೋ, ಕಾರ್ಡ್ ಇದ್ದರೆ ದಾಖಲೆ ಇದೆ ಅನ್ನುವ ಧೈರ್ಯವೂ ಅಷ್ಟೇ ಸುಳ್ಳು.

ಬೆಳಗಾವಿಯ ರೆಕಾರ್ಡ್ ರೂಮ್

ಆಧಾರ್ ಕೆಲಸ ನಡೆಯುತ್ತಿರುವಾಗಲೇ ಇನ್ನೊಂದು ದಾರಿ ಹಿಡಿದಿದ್ದೆವು. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ.

ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಿ ಇಡಬೇಕು, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ವೈದ್ಯರ ವೃತ್ತಿ ನಡತೆಯ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಇದಕ್ಕೆ ಆ್ಯಪ್ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಒಂದು ಅರ್ಜಿ ಸಾಕು.

ಊರಿನಿಂದ ಬೆಳಗಾವಿಗೆ ಬಾಗಲಕೋಟೆ, ಲೋಕಾಪುರ, ಯರಗಟ್ಟಿ ಹಾದು ಬಸ್ಸಿನಲ್ಲಿ ಹೋಗಬೇಕು. ಹೃದಯದ ರೋಗಿಗೆ ಅದು ಸಣ್ಣ ದಾರಿಯಲ್ಲ. ಗೋವಾದಿಂದ ಮಗನಿಗೆ ಹತ್ತಿರ. ಕಾಕಾ ಒಂದು ಪತ್ರ ಬರೆದರು: ನನ್ನ ಡಿಸ್ಚಾರ್ಜ್ ಕಾರ್ಡ್, ಆಂಜಿಯೋಗ್ರಾಂ ಮತ್ತು ಸ್ಟೆಂಟ್ ಹಾಕಿದ ವರದಿ, ಈಗಿನ ಮಾತ್ರೆಗಳ ಪಟ್ಟಿ ಇವುಗಳ ಪ್ರತಿಯನ್ನು ನನ್ನ ಮಗನ ಕೈಯಲ್ಲಿ ಕೊಡಿ. ಫೈಲ್ ನಂಬರ್, ದಾಖಲಾದ ತಿಂಗಳು, ಸಹಿ, ಗುರುತಿನ ಚೀಟಿಯ ಜೆರಾಕ್ಸ್. ಮಗನ ಗುರುತಿನ ಚೀಟಿಯ ಜೆರಾಕ್ಸ್ ಕೂಡ. ರಟ್ಟಿನ ಮೇಲಿನ ಆ ಫೈಲ್ ನಂಬರ್ ಉಳಿದದ್ದು ದೊಡ್ಡ ಪುಣ್ಯ. ಹೆಸರಿನಿಂದ ಹುಡುಕಿದರೆ ನಮ್ಮ ಭಾಗದಲ್ಲಿ ಅದೇ ಹೆಸರು, ಅದೇ ಅಡ್ಡಹೆಸರಿನವರು ಹತ್ತು ಮಂದಿ ಸಿಗುತ್ತಾರೆ.

ಕೌಂಟರಿನಲ್ಲಿ ಮೊದಲು "ಆ್ಯಪ್‌ನಲ್ಲೇ ಇದೆ ನೋಡಿ, ಅಲ್ಲೇ ತೆಗೆದುಕೊಳ್ಳಿ" ಅಂದರಂತೆ. ಮಗ ಪತ್ರ ತೋರಿಸಿ ರೆಕಾರ್ಡ್ ರೂಮ್ ಎಲ್ಲಿ ಅಂತ ಕೇಳಿ ಅಲ್ಲಿಗೆ ಹೋದ. ಅಲ್ಲಿಯವರು ಅರ್ಜಿ ತೆಗೆದುಕೊಂಡು, ಪ್ರತಿಗೆ ಹಣ ಕಟ್ಟಿಸಿಕೊಂಡು, ಮರುದಿನ ಕೊಟ್ಟರು. ಆ್ಯಪ್‌ನಲ್ಲಿನ ನಂಬರ್ ಮತ್ತು ಇಮೇಲ್ ಬದಲಿಸಲು ಮಾತ್ರ ರೋಗಿಯೇ ಬರಬೇಕು ಅಂದರು. ಸಿಟ್ಟು ಬರುವ ಮಾತು. ಆದರೆ ನಾನು ಅವರ ಪರ. ಚೀಟಿ ತಂದವರಿಗೆಲ್ಲ ನಂಬರ್ ಬದಲಿಸಿ ಕೊಟ್ಟರೆ ಖಾತೆ ಕದಿಯುವುದು ಬಹಳ ಸುಲಭ ಆಗಿಬಿಡುತ್ತದೆ.

ದಾಖಲೆ ಹೇಳಿದ್ದು

ಮನೆಯವರು ಎಲ್ಲಾ ಕಡೆ "ಒಂದ್ ಸ್ಟೆಂಟ್, ವರ್ಷ ದಾಟೈತಿ" ಅಂತ ಹೇಳುತ್ತಿದ್ದರು. ದಾಖಲೆಯಲ್ಲಿ ಇದ್ದದ್ದು ಎರಡು ಸ್ಟೆಂಟ್, ಎರಡೂ ಔಷಧ ಲೇಪಿಸಿದವು. ಹಾಕಿ ಎಂಟು ತಿಂಗಳಾಗಿತ್ತು. ಎರಡು ಬಗೆಯ ಮಾತ್ರೆಯನ್ನು ಒಂದು ವರ್ಷ ಬಿಡದೆ ತೆಗೆದುಕೊಳ್ಳಬೇಕು ಅಂತ ಬರೆದಿತ್ತು. ಬಾಗಲಕೋಟೆಯ ಸರ್ಜನ್ ಅದನ್ನು ನೋಡಿ ಹೃದಯದ ಡಾಕ್ಟರ ಜೊತೆ ಮಾತಾಡಿದರು. ಹರ್ನಿಯಾ ಒತ್ತಿದರೆ ಒಳಗೆ ಹೋಗುತ್ತದೆ, ಅವಸರ ಇಲ್ಲ, ವರ್ಷ ತುಂಬಿದ ಮೇಲೆ ಮಾಡೋಣ ಅಂದರು. ಅಲ್ಲಿವರೆಗೆ ಭಾರ ಎತ್ತಬೇಡಿ, ಗಡ್ಡೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ ಅಂತ ಬರೆದುಕೊಟ್ಟರು. ಬಾಯಿಮಾತನ್ನೇ ನಂಬಿ ದಿನ ಗೊತ್ತು ಮಾಡಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಊಹಿಸಲು ಹೋಗುವುದಿಲ್ಲ.

ಬಂದ ಪ್ರತಿಗಳ ಫೋಟೋ ತೆಗೆದು ಆಭಾ ಆ್ಯಪ್‌ನಲ್ಲಿ ಸೇರಿಸಿದ್ದೇವೆ. ನಾವೇ ದಾಖಲೆ ಹಾಕಿಕೊಳ್ಳುವ ಅವಕಾಶ ಅದರಲ್ಲಿದೆ. ಕಾಗದದ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ, ಗೂಡು ಬಿಟ್ಟು ಟ್ರಂಕಿಗೆ ಹೋಗಿದೆ.

ಮುಂದಿನ ಹೃದಯ ತಪಾಸಣೆಗೆ ಕಾಕಾ ಬೆಳಗಾವಿಗೆ ಹೋದಾಗ ಆಸ್ಪತ್ರೆಯ ಕೌಂಟರಿನಲ್ಲಿ ತಮ್ಮ ಕೀಪ್ಯಾಡ್ ನಂಬರ್ ಬರೆಸಿದರು. ಅಲ್ಲೇ ನಿಂತು ಆ್ಯಪ್ ಪಾಸ್‌ವರ್ಡ್ ಹೊಸದು ಮಾಡಿಸಿಕೊಂಡರು. ಆಭಾ ನಂಬರ್ ಕೂಡ ಕೊಟ್ಟು, ಆ ದಿನದ ಭೇಟಿಯನ್ನು ಜೋಡಿಸಿ ಅಂತ ಕೇಳಿದರು. ಅದು ಈಗ ಆಭಾದಲ್ಲಿ ಕಾಣುತ್ತಿದೆ. ಹಳೆಯ ಸ್ಟೆಂಟಿನ ದಾಖಲೆ ಆಸ್ಪತ್ರೆಯ ಕಡೆಯಿಂದ ಇನ್ನೂ ಜೋಡಣೆ ಆಗಿಲ್ಲ, ಅರ್ಜಿ ಕೊಟ್ಟಿದ್ದಾರೆ.

ಮಗನ ಆ ಹಳೆಯ ಇಮೇಲ್ ವಾಪಸ್ ಬರಲಿಲ್ಲ, ಬಿಟ್ಟಿದ್ದೇವೆ. ಬ್ಯಾಂಕ್ ಪಾಸ್‌ಬುಕ್ ಮತ್ತು ಗ್ಯಾಸಿಗೆ ಇನ್ನೂ ಕೋಲಾರದ ಹುಡುಗನ ನಂಬರೇ ಇದೆ. ಈ ವಾರ ಕಾಕು ಅವೆರಡನ್ನೂ ತೆಗೆದುಕೊಂಡು ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ಹೋಗುತ್ತಿದ್ದಾರೆ.